ಕ್ಲಬ್ಬಿಗೆ ಕಾರ್ಯದರ್ಶಿ ಆದಿರಾ? ಮೊದಲು ಹಾಜರಿ ಪುಸ್ತಕ ತೆಗೆಯಿರಿ

ರೋಟರಿ, ಲಯನ್ಸ್‌ನಂಥ ಸೇವಾ ಕ್ಲಬ್ಬಿನಲ್ಲಿ ಕಾರ್ಯದರ್ಶಿ ಹುದ್ದೆಯನ್ನು ಯಾರೂ ಕೇಳಿ ಪಡೆಯುವುದಿಲ್ಲ. ಸಭೆಗೆ ತಡವಾಗಿ ಬಂದವರ ತಲೆಗೆ ಕಟ್ಟುತ್ತಾರೆ. ನನಗೂ ಹಾಗೇ ಆಯಿತು. ನಾನು ಬಾಗಿಲು ತಳ್ಳಿ ಒಳಗೆ ಬರುತ್ತಿದ್ದಂತೆ ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕೂತವರು "ಅಭಿನಂದನೆ ಮೇಷ್ಟ್ರೇ" ಅಂದರು. ಯಾಕೆ ಅಂತ ಗೊತ್ತಾಗಿದ್ದು ಐದು ನಿಮಿಷ ಕಳೆದ ಮೇಲೆ.

ಎರಡು ವರ್ಷ ಕಾರ್ಯದರ್ಶಿ, ಮೂರು ವರ್ಷ ಖಜಾಂಚಿ, ಒಂದು ವರ್ಷ ಅಧ್ಯಕ್ಷ ಆಗಿದ್ದೆ. ಮೂರರಲ್ಲಿ ಅಧ್ಯಕ್ಷಗಿರಿಯೇ ಹಗುರ. ನಾನು ಗಣಿತ ಹೇಳಿಕೊಟ್ಟು ನಿವೃತ್ತನಾದವನು, ಹಾಗಾಗಿ ಇಲ್ಲಿ ಲೆಕ್ಕದ ಮಾತು ಸ್ವಲ್ಪ ಜಾಸ್ತಿ ಇರುತ್ತದೆ. ಸಹಿಸಿಕೊಳ್ಳಿ.

ಪದಗ್ರಹಣದ ಹಾರ ಬಾಡುವ ಮೊದಲು ಹಳೇ ಹಾಜರಿ ಪುಸ್ತಕ ತೆಗೆಯಿರಿ. ಕಳೆದ ಆರು ತಿಂಗಳಲ್ಲಿ ಬರುವುದನ್ನು ನಿಲ್ಲಿಸಿದವರ ಹೆಸರಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ನಮ್ಮ ಪಟ್ಟಿಯಲ್ಲಿ 41 ಹೆಸರಿತ್ತು, ಸಭೆಗೆ ಬರುತ್ತಿದ್ದವರು 17. ಉಳಿದ 24 ಜನರಿಗೂ ಫೋನ್ ಮಾಡಿದೆ. ವಾಟ್ಸಾಪ್ ಸಂದೇಶ ಅಲ್ಲ, ಫೋನ್. "ಯಾಕೆ ಬರುತ್ತಿಲ್ಲ?" ಅಂತ ಕೇಳಬೇಡಿ, ಅದು ತಪ್ಪು ಹಿಡಿದ ಹಾಗೆ ಕೇಳಿಸುತ್ತದೆ. "ಕ್ಲಬ್ಬಿನಲ್ಲಿ ನೀವು ಕೊನೆಗೆ ಮಾಡಿದ ಕೆಲಸ ಯಾವುದು?" ಅಂತ ಕೇಳಿ.

ನಾನು ಅಂದುಕೊಂಡಿದ್ದು ಚಂದಾ ಜಾಸ್ತಿ ಆಯಿತು, ಸಮಯ ಹೊಂದುತ್ತಿಲ್ಲ, ಯಾರ ಜೊತೆಗೋ ಮನಸ್ತಾಪ, ಇಂಥವೇ ಇರಬೇಕು ಅಂತ. ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಮತ್ತೆ ಮತ್ತೆ ಬಂದ ಉತ್ತರ ಬೇರೆ. "ಮೇಷ್ಟ್ರೇ, ನನಗೆ ಅಲ್ಲಿ ಯಾರೂ ಏನೂ ಕೆಲಸ ಹೇಳಲಿಲ್ಲ. ಬಂದೆ, ಊಟ ಮಾಡಿದೆ, ಹೋದೆ." ಒಬ್ಬರು ಸೇರಿ ಎರಡು ವರ್ಷ ಆಗಿತ್ತು. ಅವರು ವಿದ್ಯುತ್ ಕೆಲಸದಲ್ಲಿ ಪಳಗಿದವರು. ನಾವು ಅದೇ ಎರಡು ವರ್ಷ ಪ್ರತಿ ಕಾರ್ಯಕ್ರಮದ ಮೈಕು, ದೀಪಕ್ಕೆ ಹೊರಗಿನವರನ್ನು ಕರೆದು ದುಡ್ಡು ಕೊಟ್ಟಿದ್ದೆವು!

ಅವತ್ತು ನಾನೊಂದು ನಿಯಮ ಮಾಡಿಕೊಂಡೆ. ಹೊಸಬರು ಸೇರಿದ 30 ದಿನದೊಳಗೆ ಅವರ ಕೈಗೆ ಒಂದು ಕೆಲಸ ಕೊಡಬೇಕು. ಕೆಲಸ ಸಣ್ಣದಿರಲಿ, ಆದರೆ ಅವರು ಮಾಡದಿದ್ದರೆ ನಿಂತುಹೋಗುವಂಥದ್ದು ಇರಬೇಕು. "ನೀವೂ ಸಮಿತಿಯಲ್ಲಿ ಇರಿ" ಅನ್ನುವುದು ಕೆಲಸ ಅಲ್ಲ. "ಶಿಬಿರದ ದಿನ ಏಳು ಗಂಟೆಗೆ ಮೇಜು ಕುರ್ಚಿ ಬಂದಿದೆಯಾ ನೋಡಿ, ಬರದಿದ್ದರೆ ನನಗೆ ಫೋನ್ ಮಾಡಿ" ಅನ್ನುವುದು ಕೆಲಸ.

ಇದು ನಾನು ಕಂಡುಹಿಡಿದಿದ್ದೇನೂ ಅಲ್ಲ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರ ಜೊತೆ ಕೂತಾಗ ಅವರಿಗೆ ಸ್ವಂತ ಸಭಾಂಗಣ ಇರಲಿಲ್ಲ. ಒಂದು ಸಲ ಇವರ ಕಚೇರಿ, ಮತ್ತೊಂದು ಸಲ ಅವರ ಕಚೇರಿ, ಹೀಗೆ ಸರದಿ ಮೇಲೆ ಸಭೆ ಸೇರುತ್ತಿದ್ದರು. ರೋಟರಿ ಎಂಬ ಹೆಸರು ಬಂದಿದ್ದೇ ಆ ಸರದಿಯಿಂದ, ಇಂಗ್ಲಿಷಿನಲ್ಲಿ ರೊಟೇಶನ್. ನನಗೆ ಇದರಲ್ಲಿ ಕಾಣುವುದು ಬೇರೆ. ನಿಮ್ಮ ಕಚೇರಿಗೆ ಸರದಿ ಬಂತು ಅಂದರೆ ಕುರ್ಚಿ ಹೊಂದಿಸುವವರೂ ನೀವೇ, ದೀಪ ಆರಿಸುವವರೂ ನೀವೇ. ಸುಮ್ನೆ ಬಂದು ಕೂತು ಹೋಗುವವರು ಯಾರೂ ಉಳಿಯುವುದಿಲ್ಲ, ಅಲ್ವಾ?

ಇನ್ನು ಸೇವೆಯ ಕೆಲಸ ಆರಿಸುವುದು. ನಾವು ಒಂದು ಸಲ ಶಾಲೆಯೊಂದಕ್ಕೆ ಪುಸ್ತಕದ ಕಪಾಟು ಕೊಟ್ಟೆವು. ಒಳ್ಳೇ ಗಟ್ಟಿ ಕಪಾಟು, ಮೇಲೆ ಕ್ಲಬ್ಬಿನ ಹೆಸರು ದಪ್ಪಗೆ. ಆರು ತಿಂಗಳ ನಂತರ ಹೋದರೆ ಅದು ಜಗಲಿಯಲ್ಲಿ ಮಳೆಗೆ ನೆನೆಯುತ್ತಿತ್ತು. ಒಳಗೆ ಇಡಲು ಜಾಗವೇ ಇರಲಿಲ್ಲ. ಅವರಿಗೆ ಬೇಕಾಗಿದ್ದು ನೀರಿನ ನಲ್ಲಿ ರಿಪೇರಿ. ನಾವು ಕೇಳಿರಲಿಲ್ಲ, ಅವರು ಸಂಕೋಚದಿಂದ ಹೇಳಿರಲಿಲ್ಲ. ಆದ್ದರಿಂದ ಮೊದಲು ಹೋಗಿ ಕೇಳಿ. ಎರಡು ಸಲ ಕೇಳಿ, ಯಾಕೆಂದರೆ ಮೊದಲ ಸಲ ಎಲ್ಲರೂ "ನೀವು ಏನು ಕೊಟ್ಟರೂ ಸಂತೋಷ" ಅಂತಲೇ ಹೇಳುತ್ತಾರೆ. ಶಿಕಾಗೋದ ಆ ಮೊದಲ ಕ್ಲಬ್ 1907ರಲ್ಲಿ ಕೈಗೆತ್ತಿಕೊಂಡ ಮೊದಲ ದೊಡ್ಡ ಸಾರ್ವಜನಿಕ ಕೆಲಸ ಏನು ಗೊತ್ತಾ? ಪೇಟೆಯ ನಡುವೆ ಸಾರ್ವಜನಿಕ ಶೌಚಾಲಯ ಆಗಬೇಕು ಅಂತ ಓಡಾಡಿದ್ದು. ಫೋಟೋಗೆ ಚೆಂದ ಕಾಣುವ ಕೆಲಸ ಖಂಡಿತ ಅಲ್ಲ. ಆದರೆ ಅಲ್ಲಿ ನಿತ್ಯ ಓಡಾಡುವವರಿಗೆ ಬೇಕಿದ್ದ ಕೆಲಸ.

ವರ್ಷಕ್ಕೆ ಹನ್ನೆರಡು ಯೋಜನೆ ಅಂತ ಪಟ್ಟಿ ಹಾಕಬೇಡಿ. ಎರಡು ಸಾಕು. ರೋಟರಿ 1985ರಲ್ಲಿ ಜಗತ್ತಿನಾದ್ಯಂತ ಪೋಲಿಯೊ ವಿರುದ್ಧದ ಕೆಲಸ ಶುರು ಮಾಡಿತು, ಇನ್ನೂ ಬಿಟ್ಟಿಲ್ಲ. ನಮ್ಮಂಥ ಸಣ್ಣ ಕ್ಲಬ್ಬು ಒಂದು ಕೆಲಸವನ್ನು ಮೂರು ವರ್ಷವಾದರೂ ಹಿಡಿದುಕೊಳ್ಳಬಹುದು.

ಶಿಬಿರದ ದಿನ ಸ್ವಯಂಸೇವಕರನ್ನು ನಿಲ್ಲಿಸುವ ಬಗೆ: ಒಂದೊಂದು ಜಾಗಕ್ಕೆ ಇಬ್ಬರು, ಒಬ್ಬರು ಹಳಬರು, ಒಬ್ಬರು ಹೊಸಬರು. ಪಾಳಿ ಎರಡು ಗಂಟೆ ಮೀರಬಾರದು. ಪಟ್ಟಿಯಲ್ಲಿ ಶುರುವಾಗುವ ಹೊತ್ತಿನ ಜೊತೆ ಮುಗಿಯುವ ಹೊತ್ತನ್ನೂ ಬರೆಯಿರಿ. ಎಷ್ಟು ಗಂಟೆಗೆ ಬಿಡುತ್ತಾರೆ ಅಂತ ಗೊತ್ತಿದ್ದರೆ ಜನ ಧಾರಾಳವಾಗಿ ಒಪ್ಪುತ್ತಾರೆ. ಒಬ್ಬರಿಗೆ ಮಾತ್ರ ಏನೂ ಕೆಲಸ ಹಚ್ಚಬೇಡಿ. ಎಲ್ಲಿ ಕೈ ಕಡಿಮೆಯಾಯಿತೋ ಅಲ್ಲಿಗೆ ಹೋಗುವುದೇ ಅವರ ಕೆಲಸ.

ಈಗ ದುಡ್ಡಿನ ವಿಷಯ. ಕ್ಲಬ್ಬಿಗೆ ಎರಡು ಬ್ಯಾಂಕ್ ಖಾತೆ ಇರಲೇಬೇಕು. ಸದಸ್ಯರ ಚಂದಾ ಒಂದರಲ್ಲಿ. ಸಭೆಯ ಊಟ, ಅಂಚೆ, ಬ್ಯಾನರ್, ಸದಸ್ಯರು ಎದೆಗೆ ಚುಚ್ಚಿಕೊಳ್ಳುವ ಪಿನ್ನು ಎಲ್ಲ ಅದರಿಂದ. ಜನರಿಂದ ಎತ್ತಿದ ದೇಣಿಗೆ ಇನ್ನೊಂದರಲ್ಲಿ. ಅದರಿಂದ ಒಂದು ಪೈಸೆಯೂ ನಮ್ಮ ಊಟಕ್ಕೆ ಹೋಗಬಾರದು. ಲಯನ್ಸ್ ಕ್ಲಬ್ಬುಗಳಲ್ಲಿ ಇದು ನಿಯಮವೇ ಆಗಿದೆ: ಸಾರ್ವಜನಿಕರಿಂದ ಬಂದಿದ್ದು ಸಾರ್ವಜನಿಕರ ಕೆಲಸಕ್ಕೇ ಹೋಗಬೇಕು. ನಿಮ್ಮದು ಯಾವ ಕ್ಲಬ್ಬೇ ಆಗಿರಲಿ, ಹೀಗೇ ಮಾಡಿ. ನಾನು ಖಜಾಂಚಿ ಆದಾಗ ನಮ್ಮಲ್ಲಿ ಒಂದೇ ಖಾತೆ ಇತ್ತು. ಯಾರೂ ಕದ್ದಿರಲಿಲ್ಲ. ಆದರೂ ಒಬ್ಬ ದಾನಿ "ನನ್ನ ದುಡ್ಡು ಯಾವುದಕ್ಕೆ ಹೋಯಿತು?" ಅಂತ ಕೇಳಿದಾಗ ನಾಲ್ಕು ರಾತ್ರಿ ಕೂತರೂ ನನಗೆ ಉತ್ತರ ಸಿಗಲಿಲ್ಲ. ಅವರು ಬೈಯಲಿಲ್ಲ. ಮುಂದಿನ ವರ್ಷ ಕೊಡಲಿಲ್ಲ, ಅಷ್ಟೇ.

ದೇಣಿಗೆ ಡಬ್ಬಿಯ ದುಡ್ಡು ಎಣಿಸುವಾಗ ಇಬ್ಬರಿರಲಿ. ಅಲ್ಲೇ ಎಣಿಸಿ, ಅಲ್ಲೇ ಇಬ್ಬರೂ ಸಹಿ ಹಾಕಿ. ಮನೆಗೆ ಒಯ್ದು ಎಣಿಸುವುದು ಬೇಡ. ಇದು ಅನುಮಾನದ ಮಾತಲ್ಲ. ನಾಳೆ ಯಾರಾದರೂ ಅನುಮಾನಪಟ್ಟರೆ ಎಣಿಸಿದವರಿಗೇ ಅದು ರಕ್ಷಣೆ. ರಸೀದಿ ಪುಸ್ತಕಗಳ ನಂಬರ್ ಬರೆದುಕೊಂಡು ಕೊಡಿ, ಖಾಲಿ ಪುಸ್ತಕವನ್ನೂ ವಾಪಸ್ ತೆಗೆದುಕೊಳ್ಳಿ.

ಕಾರ್ಯಕ್ರಮ ಇಟ್ಟು ಹಣ ಎತ್ತುವ ಮೊದಲು ಒಂದು ಲೆಕ್ಕ ಹಾಕಿ. ನಾವು ಸಂಗೀತ ಸಂಜೆ ಇಟ್ಟಿದ್ದೆವು. ಸಭಾಂಗಣ ತುಂಬಿತ್ತು, ಎಲ್ಲರೂ ಬೆನ್ನು ತಟ್ಟಿದರು. ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಬಂದ ನೂರರಲ್ಲಿ 83 ಖರ್ಚಿಗೇ ಹೋಗಿತ್ತು. ಉಳಿದಿದ್ದು 17. ಅದಕ್ಕೆ ನಾವು ದುಡಿದಿದ್ದು ಎಲ್ಲರದೂ ಸೇರಿ 200 ಗಂಟೆಗೂ ಜಾಸ್ತಿ. ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗವನ್ನು ಸದಸ್ಯರೇ ಮುಖ ಉಳಿಸಿಕೊಳ್ಳಲು ಕೊಂಡಿದ್ದರು. ಅಂದರೆ ನಮ್ಮ ಬಲಗಿಸೆಯಿಂದ ಎಡಗಿಸೆಗೆ ಹಾಕಿಕೊಂಡು, ನಡುವೆ ಧ್ವನಿವರ್ಧಕದವರಿಗೆ ಪಾಲು ಕೊಟ್ಟೆವು.

ಮರುವರ್ಷ ನೇರವಾಗಿ ಕೇಳಿದೆವು. ಪ್ರತಿ ಸದಸ್ಯರು ಐದು ಜನರ ಮನೆಗೆ ಹೋಗಬೇಕು, ಗುರುತಿನವರ ಮನೆಗೇ. ಕೈಯಲ್ಲಿ ಒಂದೇ ಹಾಳೆ. ಅದರಲ್ಲಿ ಏನು ಮಾಡುತ್ತೇವೆ, ಒಟ್ಟು ಎಷ್ಟು ಬೇಕು, ಇದುವರೆಗೆ ಎಷ್ಟು ಬಂದಿದೆ, ಲೆಕ್ಕ ಯಾವ ದಿನ ತೋರಿಸುತ್ತೇವೆ. "ಏನಾದರೂ ಸಹಾಯ ಮಾಡಿ" ಅಂತ ಕೇಳಿದರೆ ಜನ ತಬ್ಬಿಬ್ಬಾಗುತ್ತಾರೆ. "ಒಬ್ಬರ ಕನ್ನಡಕದ ಖರ್ಚು ಇಷ್ಟು, ನೀವು ಎಷ್ಟು ಜನರದು ವಹಿಸಿಕೊಳ್ಳುತ್ತೀರಿ?" ಅಂತ ಕೇಳಿ, ಆಮೇಲೆ ಸುಮ್ಮನಿರಿ. ಆ ಮೌನ ಕಷ್ಟ. ನಾನಂತೂ ಮೊದಲ ಎರಡು ಮನೆಯಲ್ಲಿ ತಡೆಯಲಾರದೆ ನಾನೇ ಮೊತ್ತ ಇಳಿಸಿಬಿಟ್ಟೆ. ಸಣ್ಣ ಮೊತ್ತ ಕೊಟ್ಟವರನ್ನು ಮರೆಯಬೇಡಿ. ರೋಟರಿಯ ಸೇವಾ ನಿಧಿಯಾದ ರೋಟರಿ ಫೌಂಡೇಶನ್‌ಗೆ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್. ನಮ್ಮ ಕಡಿಮೆ ಮೊತ್ತದ ರಸೀದಿಯನ್ನೂ ನಾನು ಅಷ್ಟೇ ನೀಟಾಗಿ ಬರೆಯುತ್ತಿದ್ದೆ. ಕಾರ್ಯಕ್ರಮ ಇಡಲೇಬೇಡಿ ಅಂತಲ್ಲ. ಖುಷಿಗೆ ಇಡಿ, ಆದರೆ ಅದನ್ನು ನಿಧಿ ಸಂಗ್ರಹ ಅಂತ ಕರೆಯಬೇಡಿ.

ಗೆಳೆತನದ ವಿಷಯಕ್ಕೆ ಬಂದರೆ, ಸಭೆ ಹೇಳಿದ ಹೊತ್ತಿಗೆ ಮುಗಿಸುವುದೇ ಅರ್ಧ ಗೆಳೆತನ. ಹೊಸಬರನ್ನು ಹಳಬರ ಗುಂಪಿನ ನಡುವೆ ಕೂರಿಸಿ, ತುದಿಗೆ ಬೇಡ. ಪಕ್ಷದ ಜಗಳ, ಧರ್ಮದ ಜಗಳ ಬಾಗಿಲ ಹೊರಗೆ.

ಸಭೆಯಲ್ಲಿ ನಗು ಕಡಿಮೆ ಆಗಿದ್ದರೆ ಲಯನ್ಸ್‌ನವರ ಟೇಲ್ ಟ್ವಿಸ್ಟರ್ ಪದ್ಧತಿ ನೋಡಿ. ಟೇಲ್ ಟ್ವಿಸ್ಟರ್ ಅಂದರೆ ಕ್ಲಬ್ಬಿನ ಒಬ್ಬ ಪದಾಧಿಕಾರಿ, ಅವರ ಕೆಲಸವೇ ತಮಾಷೆಯ ದಂಡ ಹಾಕುವುದು. ಪಿನ್ ಮರೆತಿರಿ, ದಂಡ. ಪತ್ರಿಕೆಯಲ್ಲಿ ಫೋಟೋ ಬಂತು, ದಂಡ. ಆದರೆ ಅದಕ್ಕೂ ಕಟ್ಟು ಇದೆ. ಒಂದೇ ಸಭೆಯಲ್ಲಿ ಒಬ್ಬರಿಗೆ ಎರಡು ಸಲಕ್ಕಿಂತ ಹೆಚ್ಚು ದಂಡ ಹಾಕುವಂತಿಲ್ಲ. ಟೇಲ್ ಟ್ವಿಸ್ಟರ್‌ಗೇ ದಂಡ ಹಾಕಬೇಕಾದರೆ ಸಭೆಯಲ್ಲಿದ್ದವರೆಲ್ಲ ಒಮ್ಮತದಿಂದ ಒಪ್ಪಬೇಕು! ನಮ್ಮಲ್ಲಿ ನಾವೂ ಒಬ್ಬರನ್ನು ನೇಮಿಸಿದೆವು. ಚುರುಕು ನಾಲಿಗೆಯವರನ್ನು ಬಿಟ್ಟು ಮೆತ್ತಗಿನ ಮನುಷ್ಯರನ್ನು ಆರಿಸಿದೆವು. ಕುಟುಕುವವರ ಕೈಗೆ ದಂಡದ ಡಬ್ಬಿ ಕೊಟ್ಟರೆ ಎರಡು ತಿಂಗಳಲ್ಲಿ ಕುರ್ಚಿ ಖಾಲಿ.

ಇನ್ನೊಂದು ಮಾತು. ಲಯನ್ಸ್ 1987ರಲ್ಲಿ, ರೋಟರಿ 1989ರಲ್ಲಿ ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆದವು. ಅಷ್ಟು ತಡ. ಈಗಲೂ ಎಷ್ಟೋ ಕಾರ್ಯಕ್ರಮಗಳಲ್ಲಿ ನೋಂದಣಿ ಮೇಜಿನಲ್ಲಿ ಕೂತು ಬೆವರು ಸುರಿಸುವವರು ಸದಸ್ಯರ ಹೆಂಡತಿಯರು, ವೇದಿಕೆ ಮೇಲೆ ಶಾಲು ಹೊದೆಯುವವರು ಗಂಡಂದಿರು. ನಿಮ್ಮಲ್ಲಿ ಹಾಗಿದ್ದರೆ ಸದಸ್ಯತ್ವದ ಅರ್ಜಿ ಆ ಮೇಜಿನ ಮೇಲೆ ಇಡಿ. ನಾನು ಇಟ್ಟಾಗ ಮೂವರು ತುಂಬಿಕೊಟ್ಟರು. ಅವರಲ್ಲೊಬ್ಬರು ನನ್ನ ನಂತರ ಖಜಾಂಚಿ ಆದರು. ನನ್ನ ಲೆಕ್ಕದಲ್ಲಿ ಎರಡು ತಪ್ಪು ಹಿಡಿದರು, ಗಣಿತದ ಮೇಷ್ಟ್ರ ಲೆಕ್ಕದಲ್ಲಿ!

ಜೂನ್ 30ಕ್ಕೆ ವರ್ಷ ಮುಗಿಯುವ ಕ್ಲಬ್ಬುಗಳೇ ಜಾಸ್ತಿ. ಮೇ ತಿಂಗಳಿಂದಲೇ ಮುಂದಿನವರಿಗೆ ಕಡತ ಸಿದ್ಧಮಾಡಿ. ನಡವಳಿ ಪುಸ್ತಕ, ರಸೀದಿ, ಎರಡೂ ಖಾತೆಯ ವಿವರ, ದಾನಿಗಳ ಪಟ್ಟಿ, ಯಾರಿಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ ಅನ್ನುವ ಟಿಪ್ಪಣಿ. ಈ ಕೊನೆಯದು ಯಾರೂ ಬರೆಯುವುದಿಲ್ಲ, ನೀವು ಬರೆಯಿರಿ. ಜೊತೆಗೆ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದನ್ನೂ ಸೇರಿಸಿ. ನಮ್ಮ ಬ್ಯಾನರ್ ಪೆಟ್ಟಿಗೆಯ ಕೈ ಏಳು ತಿಂಗಳು ಸಿಗಲಿಲ್ಲ. ಕೊನೆಗೆ ಒಡೆಸಿದೆವು. ಒಳಗೆ ಬ್ಯಾನರ್ ಜೊತೆ ಬೀಗದ ಕೈಯೂ ಇತ್ತು.