ಅಮೆರಿಕದ ಮೊದಲ ವರ್ಷಗಳನ್ನು ಓದುವುದು ಹೇಗೆ? ಸಾಲದ ಜಾಡು ಹಿಡಿಯಿರಿ

ಅಮೆರಿಕ ಸ್ವತಂತ್ರವಾದ ಹೊಸತರ ಕಾಲವನ್ನು ಓದಲು ಕೂತವರು ಹೆಚ್ಚಾಗಿ ಹೆಸರುಗಳ ಮಧ್ಯೆಯೇ ದಾರಿ ತಪ್ಪುತ್ತಾರೆ. ವಾಷಿಂಗ್ಟನ್, ಹ್ಯಾಮಿಲ್ಟನ್, ಜೆಫರ್ಸನ್, ಮ್ಯಾಡಿಸನ್, ಆಡಮ್ಸ್. ಯಾರು ಯಾರ ಜೊತೆ ಯಾಕೆ ಜಗಳ ಆಡಿದರು ಅಂತ ನೆನಪಿಟ್ಟುಕೊಳ್ಳುವಷ್ಟರಲ್ಲೇ ಸುಸ್ತು. ನನ್ನ ಸಲಹೆ, ಹೆಸರುಗಳನ್ನು ಸದ್ಯಕ್ಕೆ ಬದಿಗಿಡಿ, ದುಡ್ಡಿನ ಜಾಡು ಹಿಡಿಯಿರಿ. ಯಾವ ಜಗಳ ಬಂದರೂ ಎರಡೇ ಪ್ರಶ್ನೆ ಕೇಳಿ: ಸಾಲಪತ್ರ ಯಾರ ಕೈಯಲ್ಲಿತ್ತು? ಅದನ್ನು ತೀರಿಸಲು ತೆರಿಗೆ ಕಟ್ಟಬೇಕಾಗಿ ಬಂದವರು ಯಾರು?

ವಾಷಿಂಗ್ಟನ್ ಅಧ್ಯಕ್ಷರಾದ 1789ರಿಂದ ಶುರು ಮಾಡಬೇಡಿ, 1781ಕ್ಕೆ ಹೋಗಿ. ಆ ವರ್ಷ ಜಾರಿಗೆ ಬಂದ ಒಕ್ಕೂಟದ ಒಪ್ಪಂದದಲ್ಲಿ (ಈಗಿನ ಸಂವಿಧಾನಕ್ಕೂ ಮೊದಲು ಹದಿಮೂರು ರಾಜ್ಯಗಳನ್ನು ಕಟ್ಟಿಹಾಕಿದ್ದು ಇದೇ) ರಾಜ್ಯಗಳ ಪ್ರತಿನಿಧಿಗಳು ಕೂರುವ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳನ್ನು ಕೇಳಬೇಕು, ಅವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮದಿನ ಮೇಲೆ ಶೇ. 5ರಷ್ಟು ಸುಂಕ ಹಾಕಲು ಹದಿಮೂರೂ ರಾಜ್ಯಗಳು ಒಪ್ಪಬೇಕಿತ್ತು, 1782ರಲ್ಲಿ ಪುಟ್ಟ ರೋಡ್ ಐಲೆಂಡ್ ಆಗುವುದಿಲ್ಲ ಅಂದಿತು, ಯೋಜನೆ ಅಲ್ಲಿಗೇ ನಿಂತಿತು. ಯುದ್ಧದ ಖರ್ಚಿಗೆಂದು ಅಚ್ಚು ಹಾಕಿದ್ದ ಕಾಗದದ ನೋಟಿಗೆ ಅಷ್ಟರಲ್ಲಿ ಬೆಲೆಯೇ ಉಳಿದಿರಲಿಲ್ಲ. 1783ರ ಜೂನ್‌ನಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಕೂತಿದ್ದ ಕಟ್ಟಡವನ್ನು ಸುತ್ತುವರಿದರು, ಸದಸ್ಯರು ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋದರು. 1786ರಲ್ಲಿ ಮ್ಯಾಸಚೂಸೆಟ್ಸ್‌ನ ರೈತರು ತೆರಿಗೆ ಮತ್ತು ಸಾಲದ ಹೊರೆ ತಾಳಲಾರದೆ ಕೋರ್ಟುಗಳನ್ನು ಮುಚ್ಚಿಸಿದರು. ಅದೇ ಶೇಸ್ ದಂಗೆ. ಇಷ್ಟನ್ನು ಓದಿದ ಮೇಲೆ 1787ರ ಸಂವಿಧಾನವನ್ನು ತೆಗೆಯಿರಿ. ತೆರಿಗೆ ಹಾಕುವ ಅಧಿಕಾರಕ್ಕೆ ಅಲ್ಲಿ ಅಷ್ಟು ಮಹತ್ವ ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ 1790. ಇಲ್ಲಿ ಜಾಸ್ತಿ ಸಮಯ ಕೊಡಿ, ಇಡೀ ಕಥೆಯ ಗಂಟು ಇರುವುದು ಇಲ್ಲೇ. ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ಜನವರಿಯಲ್ಲಿ ಕೊಟ್ಟ ವರದಿಯಿಂದ ಮೂರು ಮೊತ್ತ ಬರೆದುಕೊಳ್ಳಿ: ವಿದೇಶಿ ಸಾಲ ಸುಮಾರು 1.2 ಕೋಟಿ ಡಾಲರ್, ದೇಶದೊಳಗಿನ ಸಾಲ 4 ಕೋಟಿಗೂ ಹೆಚ್ಚು, ರಾಜ್ಯಗಳ ಸಾಲ ಅಂದಾಜು 2.5 ಕೋಟಿ. ಮೊದಲನೆಯದನ್ನು ತೀರಿಸಲೇಬೇಕು ಅನ್ನುವುದರಲ್ಲಿ ತಕರಾರಿರಲಿಲ್ಲ. ಎರಡನೆಯದರಲ್ಲಿ ಹೊತ್ತಿಕೊಂಡಿತು. ಸಂಬಳದ ಬದಲು ಸಾಲಪತ್ರ ಪಡೆದಿದ್ದ ಎಷ್ಟೋ ಸೈನಿಕರು ಹೊಟ್ಟೆಪಾಡಿಗೆ ಅದನ್ನು ಸಿಕ್ಕಿದ ಬೆಲೆಗೆ ವ್ಯಾಪಾರಿಗಳಿಗೆ ಮಾರಿಬಿಟ್ಟಿದ್ದರು. ಈಗ ಪೂರ್ತಿ ಹಣ ಯಾರಿಗೆ ಹೋಗಬೇಕು? ಇವತ್ತು ಪತ್ರ ಯಾರ ಬಳಿ ಇದೆಯೋ ಅವರಿಗೆ ಅಂದರು ಹ್ಯಾಮಿಲ್ಟನ್. ಮೊದಲು ಪಡೆದವರಿಗೂ ಪಾಲು ಸಿಗಲಿ ಅಂದರು ವರ್ಜೀನಿಯಾದ ಪ್ರತಿನಿಧಿ ಮ್ಯಾಡಿಸನ್. ಪ್ರತಿನಿಧಿ ಸಭೆಯಲ್ಲಿ ಮ್ಯಾಡಿಸನ್ 36–13ರಿಂದ ಸೋತರು. ಎರಡೂ ವಾದಗಳನ್ನು ನಿಮ್ಮದೇ ಮಾತಿನಲ್ಲಿ ಬರೆದು ನೋಡಿ, ಸುಮ್ನೆ ಓದಿ ಮುಂದೆ ಹೋಗಬೇಡಿ. ನನ್ನ ಮನಸ್ಸು ಸೈನಿಕರ ಕಡೆಗೇ ವಾಲುತ್ತದೆ, ಅವರಿಗಾದದ್ದು ಅನ್ಯಾಯವೇ. ಆದರೆ ಕೈಬದಲಾದ ಪತ್ರಕ್ಕೆ ಪೂರ್ತಿ ಹಣ ಬರುತ್ತದೆ ಅನ್ನುವ ನಂಬಿಕೆ ಇಲ್ಲದಿದ್ದರೆ ಆ ಸರ್ಕಾರಕ್ಕೆ ಮುಂದೆ ಸಾಲ ಕೊಡುವವರು ಯಾರು, ಅಲ್ವಾ?

ಮೂರನೆಯದು ರಾಜ್ಯಗಳ ಸಾಲವನ್ನು ಕೇಂದ್ರವೇ ಹೊರುವ ವಿಷಯ. ವರ್ಜೀನಿಯಾ ತನ್ನ ಸಾಲದ ದೊಡ್ಡ ಭಾಗ ತೀರಿಸಿಕೊಂಡಿತ್ತು, ಮ್ಯಾಸಚೂಸೆಟ್ಸ್ ಮತ್ತು ದಕ್ಷಿಣ ಕೆರೊಲಿನಾ ಇನ್ನೂ ಮುಳುಗಿದ್ದವು. ನಮ್ಮದು ತೀರಿಸಿ ಬೇರೆಯವರದ್ದಕ್ಕೂ ನಾವೇ ಕಟ್ಟಬೇಕಾ ಅನ್ನುವುದು ವರ್ಜೀನಿಯಾದ ಸಿಟ್ಟು. ಏಪ್ರಿಲ್‌ನಲ್ಲಿ ಮಸೂದೆ ಬಿತ್ತು. ಜೂನ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಜೆಫರ್ಸನ್ ಮನೆಯ ಊಟದಲ್ಲಿ ಹ್ಯಾಮಿಲ್ಟನ್ ಮತ್ತು ಮ್ಯಾಡಿಸನ್ ನಡುವೆ ರಾಜಿ ಆಯಿತು: ಸಾಲ ಕೇಂದ್ರಕ್ಕೆ, ರಾಜಧಾನಿ ಪೊಟೊಮ್ಯಾಕ್ ನದಿ ದಂಡೆಗೆ. ಒಂದು ಎಚ್ಚರಿಕೆ ಇದೆ. ಆ ಊಟದ ವಿವರ ನಮಗೆ ಸಿಗುವುದು ಮುಖ್ಯವಾಗಿ ಜೆಫರ್ಸನ್ ಆಮೇಲೆ ಬರೆದದ್ದರಿಂದ, ಬರೆಯುವಾಗ ಅವರಿಗೆ ಆ ರಾಜಿಯ ಬಗ್ಗೆ ಪಶ್ಚಾತ್ತಾಪ ಇತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಬ್ಯಾಂಕಿನ ಜಗಳಕ್ಕೆ ಇನ್ನೊಬ್ಬರ ಸಾರಾಂಶ ಬೇಡ. 1791ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಬ್ಯಾಂಕ್ ಬೇಡ ಅಂತ ಜೆಫರ್ಸನ್, ಬೇಕು ಅಂತ ಹ್ಯಾಮಿಲ್ಟನ್ ವಾಷಿಂಗ್ಟನ್‌ಗೆ ಬರೆದುಕೊಟ್ಟ ಅಭಿಪ್ರಾಯಗಳು ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನ ಫೌಂಡರ್ಸ್ ಆನ್‌ಲೈನ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಕ್ಕಪಕ್ಕ ಇಟ್ಟುಕೊಂಡು ಓದಿ.

ಸಾಲ ಹೊತ್ತ ಮೇಲೆ ಬಡ್ಡಿ ಕಟ್ಟಬೇಕು, ಎರಡನೇ ಪ್ರಶ್ನೆಗೆ ಇಲ್ಲಿ ಕೆಲಸ. 1791ರಲ್ಲಿ ವಿಸ್ಕಿ ಮೇಲೆ ತೆರಿಗೆ ಬಂತು. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರಿಗೆ ಧಾನ್ಯವನ್ನು ಬೆಟ್ಟ ದಾಟಿಸಿ ಸಾಗಿಸುವುದು ದುಬಾರಿ, ಹಾಗಾಗಿ ಅದನ್ನು ವಿಸ್ಕಿ ಮಾಡುತ್ತಿದ್ದರು. ಅವರ ಕೈಯಲ್ಲಿ ನಗದು ಓಡಾಡುವುದೇ ಕಡಿಮೆ, ತೆರಿಗೆ ಮಾತ್ರ ನಗದಿನಲ್ಲೇ ಕಟ್ಟಬೇಕು. 1794ರಲ್ಲಿ ತೆರಿಗೆ ಅಧಿಕಾರಿ ಜಾನ್ ನೆವಿಲ್ ಮನೆ ಸುಟ್ಟರು. ವಾಷಿಂಗ್ಟನ್ ಸುಮಾರು 13,000 ಜನರ ಸೇನೆ ಕರೆಸಿದರು, ಮುಂದೆ ದೇಶದ್ರೋಹದ ಶಿಕ್ಷೆ ಆದ ಇಬ್ಬರನ್ನೂ ಕ್ಷಮಿಸಿದರು. ಈ ರೈತರನ್ನು ಬರೀ ಗಲಾಟೆಕೋರರು ಅಂತ ಓದಿ ಮುಗಿಸಬೇಡಿ.

ವಿದೇಶಾಂಗ ನೀತಿಗೂ ಇದೇ ಪ್ರಶ್ನೆಗಳು ಸಾಕು. ಕೇಂದ್ರದ ಆದಾಯದ ಬಹುಪಾಲು ಆಮದು ಸುಂಕ, ಆಮದಿನಲ್ಲಿ ಹೆಚ್ಚಿನದು ಬ್ರಿಟಿಷ್ ಸರಕು. ಬ್ರಿಟನ್ ಜೊತೆ ಯುದ್ಧ ಬಂದರೆ ಖಜಾನೆ ಖಾಲಿ. ಜನ ಅಷ್ಟು ರೊಚ್ಚಿಗೆದ್ದರೂ 1795ರಲ್ಲಿ ಬ್ರಿಟನ್ ಜೊತೆಗಿನ ಜೇ ಒಪ್ಪಂದಕ್ಕೆ ವಾಷಿಂಗ್ಟನ್ ಸಹಿ ಹಾಕಿದ್ದು ಯಾಕೆ ಅನ್ನುವುದರಲ್ಲಿ ಇದಕ್ಕೆ ದೊಡ್ಡ ಪಾಲಿದೆ. ವಾಷಿಂಗ್ಟನ್ ನಂತರ ಅಧ್ಯಕ್ಷರಾದ ಆಡಮ್ಸ್ ಕಾಲದಲ್ಲಿ ಫ್ರಾನ್ಸ್ ಜೊತೆ ಸಮುದ್ರದಲ್ಲಿ ಚಕಮಕಿ ಶುರುವಾದಾಗ, 1798ರಲ್ಲಿ ಮನೆ, ಜಮೀನು ಮತ್ತು ಗುಲಾಮರ ಮೇಲೆ ನೇರ ತೆರಿಗೆ ಹಾಕಿದರು. ಮನುಷ್ಯರನ್ನು ಆಸ್ತಿ ಅಂತ ಎಣಿಸಿದ ಆ ಸಾಲನ್ನು ಹಾರಿಸಿ ಓದಬೇಡಿ. ಈ ತೆರಿಗೆಯ ವಿರುದ್ಧ ಮರುವರ್ಷ ಎದ್ದ ಫ್ರೈಸ್ ದಂಗೆಯನ್ನು ಅದೇ ಎರಡು ಪ್ರಶ್ನೆಗಳಿಂದ ನೀವೇ ಬಿಡಿಸಿ.

1800ರ ಚುನಾವಣೆಯಲ್ಲಿ ಜೆಫರ್ಸನ್ ಮತ್ತು ಅವರದೇ ಪಕ್ಷದ ಬರ್ ತಲಾ 73 ಮತ ಪಡೆದು ಸಮನಾದರು, ಪ್ರತಿನಿಧಿ ಸಭೆ 36 ಸಲ ಮತ ಹಾಕಬೇಕಾಯಿತು. ಹ್ಯಾಮಿಲ್ಟನ್ ತಮ್ಮ ಬದ್ಧ ವಿರೋಧಿ ಜೆಫರ್ಸನ್ ಪರ ನಿಂತು ಆ ಸಭೆಯ ಡೆಲವೇರ್ ಸದಸ್ಯ ಬೇಯರ್ಡ್‌ಗೆ 1801ರ ಜನವರಿಯಲ್ಲಿ ಬರೆದ ಪತ್ರ ಹುಡುಕಿ ಓದಿ. ನೆಲೆಯೂರಿದ ವ್ಯವಸ್ಥೆಯನ್ನು ಜೆಫರ್ಸನ್ ಕಿತ್ತುಹಾಕಲಾರರು ಅನ್ನುವ ಲೆಕ್ಕ ಅದರಲ್ಲಿದೆ.

ಕೊನೆಗೆ ನಿಮಗೆ ನೀವೇ ಒಂದು ಪರೀಕ್ಷೆ ಕೊಟ್ಟುಕೊಳ್ಳಿ. 1803ರಲ್ಲಿ ಜೆಫರ್ಸನ್ ಸರ್ಕಾರ ಫ್ರಾನ್ಸಿನಿಂದ ಲೂಸಿಯಾನಾ ಪ್ರದೇಶವನ್ನು 1.5 ಕೋಟಿ ಡಾಲರ್‌ಗೆ ಕೊಂಡಿತು. ಅದರಲ್ಲಿ 1.125 ಕೋಟಿ ಕೊಟ್ಟಿದ್ದು ಶೇ. 6 ಬಡ್ಡಿಯ ಸಾಲಪತ್ರಗಳಲ್ಲಿ. ಯೂರೋಪಿನ ಬ್ಯಾಂಕರ್‌ಗಳು ಆ ಕಾಗದವನ್ನು ಯಾಕೆ ನಂಬಿದರು? ಪುಸ್ತಕ ಮುಚ್ಚಿಟ್ಟು ನಾಲ್ಕು ಸಾಲು ಬರೆಯಿರಿ.