ಬೀಸುಬಲೆಯ ಎಂಟು ಕ್ಷಣ, ಒಂದೇ ಚಿತ್ರದಲ್ಲಿ

ಬೀಸುಬಲೆ ಗಾಳಿಯಲ್ಲಿ ಯಾವ ಹೊತ್ತಿಗೆ ಅರಳುತ್ತದೆ? ದಡದಲ್ಲಿ ನಿಂತು ಎಷ್ಟು ಸಲ ನೋಡಿದರೂ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೇ ಸ್ಟ್ರೋಬ್ ಚಿತ್ರ ತೆಗೆಯಬೇಕು ಅನ್ನಿಸಿತು. ಬಲೆಯ ಎಂಟು ಸ್ಥಿತಿಗಳು ಒಂದೇ ಚಿತ್ರದಲ್ಲಿ, ಒಂದರಿಂದ ಇನ್ನೊಂದಕ್ಕೆ ಸೆಕೆಂಡಿನ ಎಂಟನೇ ಒಂದು ಭಾಗ.

ಜಾಗ ಕಾರವಾರದ ಕೋಡಿಬಾಗ, ಕಾಳಿ ನದಿಯ ದಂಡೆ. ಅಮಾವಾಸ್ಯೆ ಹತ್ತಿರದ ರಾತ್ರಿ ಆರಿಸಿಕೊಂಡೆವು. ಹಿಂದೆ ಪೂರ್ತಿ ಕತ್ತಲಿದ್ದರೆ ಮಾತ್ರ ತೆಳ್ಳಗಿನ ನೈಲಾನ್ ಎಳೆ ಎದ್ದು ಕಾಣುತ್ತದೆ. ಬಲೆ ಬೀಸುವ ಅಣ್ಣನಿಗೆ ಕಪ್ಪು ಅಂಗಿ ಹಾಕಲು ಹೇಳಿದೆ. ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಜೂಲ್ಸ್ ಮಾರೆ 1880ರ ದಶಕದಲ್ಲೇ ಹೀಗೆ ಮಾಡಿದ್ದ. ನಡೆಯುವವರಿಗೆ ಕಪ್ಪು ಉಡುಪು ತೊಡಿಸಿ, ಕೈಕಾಲಿನ ಉದ್ದಕ್ಕೂ ಬಿಳಿ ಗೆರೆ ಎಳೆದು ಚಿತ್ರ ತೆಗೆಯುತ್ತಿದ್ದ.

ಶಟರನ್ನು 1 ಸೆಕೆಂಡ್ ತೆರೆದಿಟ್ಟು ಫ್ಲ್ಯಾಶನ್ನು 8 ಸಲ ಹೊಡೆಸುವುದು ಒಂದು ದಾರಿ. ಆದರೆ ಬಲೆ ಪ್ರತಿ ಸಲ ಹೊಸ ಜಾಗದಲ್ಲಿ ಇರುತ್ತದೆ, ಅದಕ್ಕೆ ಒಂದೇ ಪಾಲು ಬೆಳಕು. ಊರಿ ನಿಂತ ಪಾದಕ್ಕೆ ಎಂಟು ಪಾಲು, ಅಂದರೆ ಮೂರು ಸ್ಟಾಪ್ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟಾಗುವುದು). ಪಾದ ಬೆಳ್ಳಗೆ ಸುಟ್ಟುಹೋಗುತ್ತದೆ. ಹಾಗಾಗಿ ನಾನು ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಫ್ಲ್ಯಾಶ್ ಶಕ್ತಿಯನ್ನು 1/32ಕ್ಕೆ ಇಳಿಸಿ, ಸೆಕೆಂಡಿಗೆ 8ರಂತೆ ಬಿಡಿ ಚಿತ್ರ ತೆಗೆದೆ. ಆಮೇಲೆ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಒಂದರ ಮೇಲೊಂದು ಲೇಯರ್ ಇಟ್ಟು 'ಲೈಟನ್ ಓನ್ಲಿ' ಕೊಟ್ಟೆ. ಅದು ಬೆಳಕನ್ನು ಕೂಡಿಸುವುದಿಲ್ಲ, ಪ್ರತಿ ಬಿಂದುವಿನಲ್ಲಿ ಹೆಚ್ಚು ಬೆಳಗಿರುವುದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ವೇಗ ಸರಿ ಇದೆಯೇ ಅಂತ ನೋಡಲು ಮೊದಲೇ ಒಂದು ಬಿಳಿ ಚೆಂಡನ್ನು ಬೀಳಿಸಿದ್ದೆವು. 1/8 ಸೆಕೆಂಡಿನ ಲೆಕ್ಕದಲ್ಲಿ ಪ್ರತಿ ಅಂತರ ಹಿಂದಿನದಕ್ಕಿಂತ ಸುಮಾರು 15 ಸೆಂ.ಮೀ. ದೊಡ್ಡದಾಗಬೇಕು. ಆಗಿತ್ತು.

ಎಡಿಟಿಂಗ್‌ಗೆ ಅಣ್ಣನ ಮನೆಯ ಜಗಲಿಯಲ್ಲೇ ಕೂತೆವು. ಸಿರ್ಸಿಯಿಂದ ಬಂದ ಗೆಳೆಯ ಮದುವೆ ಆಲ್ಬಮ್ ಮಾಡುವವನು, ಕೈ ಬಹಳ ಚುರುಕು. ನಾಲ್ಕನೆಯ ಬಲೆ ಮೂರನೆಯದರ ಮೇಲೆ ಹತ್ತಿ ಕೂತಿತ್ತು.

"ಸ್ವಲ್ಪ ಈಚೆ ಸರಿಸ್ಲಾ? ಚಂದ ಕಾಣ್ತದೆ," ಅಂದ.

ನಾನು ಒಪ್ಪಲಿಲ್ಲ. ಈ ಚಿತ್ರದಲ್ಲಿ ಅಂತರವೇ ಸಮಯ. ಒಂದು ಬಲೆಯನ್ನು ಎರಡು ಬೆರಳು ಸರಿಸಿದರೂ ಅದು ಓಡಿದ ವೇಗವೇ ಬದಲಾಗುತ್ತದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡೋಣ, ಜಾಗವನ್ನು ಮುಟ್ಟುವುದು ಬೇಡ ಅಂತ ಮಾತಾಯಿತು. ಮೂರನೆಯದನ್ನು ಅರ್ಧಕ್ಕೆ ಮಂದ ಮಾಡಿದಾಗ ನಾಲ್ಕನೆಯದು ತಾನಾಗಿ ಮುಂದೆ ಬಂತು.

ಯಾವ ಎಸೆತ ಒಳ್ಳೆಯದು ಅನ್ನುವುದೇ ದೊಡ್ಡ ಚರ್ಚೆ. ನಮ್ಮಿಬ್ಬರಿಗೂ ತಟ್ಟೆಯಷ್ಟು ದುಂಡಗೆ ಅರಳಿದ್ದು ಇಷ್ಟ. ಅಣ್ಣ ಪರದೆ ಮೇಲೆ ಬೆರಳಿಟ್ಟರು. "ಇದು ಬೇಡ ಮಾರಾಯ. ನೋಡು, ಈ ಬದಿ ಸೀಸ ಮೊದ್ಲೇ ನೀರು ಮುಟ್ಟಿದೆ, ಆ ಬದಿ ಇನ್ನೂ ಮೇಲೆ ಉಂಟು. ಮೀನು ಆ ಕಡೆಯಿಂದ್ಲೇ ಓಡ್ತದೆ." ದೊಡ್ಡದು ಮಾಡಿ ನೋಡಿದೆವು. ಏಳನೆಯ ಸ್ಥಿತಿಯಲ್ಲಿ ಒಂದು ಬದಿಯ ಸೀಸದ ಗುಂಡುಗಳ ಕೆಳಗೆ ಸಣ್ಣ ಸಣ್ಣ ನೀರ ಹನಿ ಎದ್ದಿದ್ದವು, ಇನ್ನೊಂದು ಬದಿಯಲ್ಲಿ ಏನೂ ಇಲ್ಲ. ಅವರು ಆರಿಸಿದ ಎಸೆತದಲ್ಲಿ ಬಲೆ ಅಂಡಾಕಾರಕ್ಕೆ ಅರಳಿತ್ತು, ಆದರೆ ಅಂಚು ಪೂರ್ತಿ ಒಂದೇ ಸಲ ನೀರಿಗೆ ಕೂತಿತ್ತು. ಅದನ್ನೇ ಇಟ್ಟುಕೊಂಡೆವು. ಬೀಸುವವರ ಕಣ್ಣಿಲ್ಲದೆ ಇಂಥ ಚಿತ್ರಕ್ಕೆ ಅಂಕ ಕೊಡಬಾರದು ಅಂತ ನನಗೆ ಖಾತ್ರಿಯಾಗಿದೆ.

ಒಂದು ಕೆಲಸ ಉಳಿದಿದೆ. ಬಲೆ ಅರಳುವ ಮುಖ್ಯ ಗಳಿಗೆ ನಾಲ್ಕನೆಯ ಮತ್ತು ಐದನೆಯ ಸ್ಥಿತಿಗಳ ನಡುವೆ ನಡೆದುಹೋಗಿದೆ, ಚಿತ್ರದಲ್ಲಿಲ್ಲ. ಅದಕ್ಕೆ ಸೆಕೆಂಡಿಗೆ 16 ಬೇಕು. ಅಷ್ಟು ವೇಗ ನನ್ನ ಕ್ಯಾಮೆರಾಕ್ಕಿಲ್ಲ, ಫ್ಲ್ಯಾಶ್‌ಗೆ ಇದೆ. ಮುಂದಿನ ಅಮಾವಾಸ್ಯೆಗೆ ಪಾದ ಚೌಕಟ್ಟಿನಿಂದ ಹೊರಗಿರುವಂತೆ ನಿಂತು, ಶಟರ್ ತೆರೆದಿಟ್ಟೇ ತೆಗೆಯುತ್ತೇವೆ.