ಮೂರನೆಯ ಒತ್ತಿನಿಂದ ಶುರು: ‘ಮಾಲ್ಡನ್ ಕಾಳಗ’ವನ್ನು ಮೂಲದಲ್ಲೇ ಓದಿದ ಬಗೆ

ಆಂಗ್ಲೊ-ಸ್ಯಾಕ್ಸನ್ ವೀರಕಾವ್ಯ ಎಂದೊಡನೆ ಎಲ್ಲರ ಕೈ ಹೋಗುವುದು ಬೇವುಲ್ಫ್ ಕಡೆಗೆ. ಅದು 3182 ಸಾಲಿನ ಕಾವ್ಯ, ಶಬ್ದಭಂಡಾರವೂ ಕಠಿಣ. ಮೊದಲ ಓದಿಗೆ ಅದು ತಕ್ಕದ್ದಲ್ಲ. ನಾನು ಹಿಡಿದದ್ದು ‘ಮಾಲ್ಡನ್ ಕಾಳಗ’. 991ರ ಆಗಸ್ಟ್‌ನಲ್ಲಿ ಎಸೆಕ್ಸ್‌ನ ಬ್ಲ್ಯಾಕ್‌ವಾಟರ್ ಅಳಿವೆಯ ದಡದಲ್ಲಿ ವೈಕಿಂಗರನ್ನು ಎದುರಿಸಿ ಆ ಸೀಮೆಯ ದಂಡನಾಯಕ ಬಿರ್ತ್‌ನೋತ್ ಮಡಿದ ಕಥೆ. ಉಳಿದಿರುವುದು 325 ಸಾಲು. ತಲೆಯೂ ಇಲ್ಲ, ಬಾಲವೂ ಇಲ್ಲ. ದಿನಕ್ಕೆ ಹತ್ತು ಹೊಸ ಸಾಲು, ಅದಕ್ಕೆ ಮುಂಚೆ ನಿನ್ನೆಯ ಹತ್ತು ಸಾಲು ಗಟ್ಟಿಯಾಗಿ ಓದುವುದು. ಈ ಲೆಕ್ಕದಲ್ಲಿ ಐದು ವಾರ ಸಾಕು.

ಮೊದಲ ಕೆಲಸ, ಸಾಲುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು. ಇದು ಸೋಮಾರಿಗಳ ದಾರಿಯಲ್ಲ. ಈ ಕಾವ್ಯದ ಭಾಷೆಯಾದ ಹಳೆಯ ಇಂಗ್ಲಿಷಿನಲ್ಲಿ ಹ್ರಸ್ವ-ದೀರ್ಘದಿಂದ ಅರ್ಥವೇ ಬದಲಾಗುತ್ತದೆ: ‘ಗೊದ್’ ಎಂದರೆ ದೇವರು, ‘ಗೋದ್’ ಎಂದರೆ ಒಳ್ಳೆಯದು. ಒತ್ತಕ್ಷರವೂ ಹಾಗೆಯೇ: ‘ಸುನು’ ಮಗ, ‘ಸುನ್ನೆ’ ಸೂರ್ಯ. ಇಂದಿನ ಇಂಗ್ಲಿಷ್ ಮಾತ್ರ ಬಲ್ಲವರು ಒದ್ದಾಡುವುದು ಇಲ್ಲೇ. ಕಾಗುಣಿತ ಕಲಿತ ನಮಗೆ ಇದು ಪುಕ್ಕಟೆ ಸಿಗುತ್ತದೆ. ನಮಗೆ ತೊಡಕಾಗುವುದು ಬೇರೆ ಕಡೆ. ‘ಥಾರ್ನ್’ ಎಂಬ ಅಕ್ಷರ ನಮ್ಮ ಥಕಾರವಲ್ಲ. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ಗಾಳಿ ಬಿಡಬೇಕು. ‘ಸಿ’ ಅಕ್ಷರಕ್ಕೆ ಕ, ಚ ಎರಡೂ ದನಿ ಉಂಟು. ಎ, ಇ ಸ್ವರಗಳ ಮುಂದೆ ಅದು ಚಕಾರ ಎಂಬ ಸೂತ್ರವನ್ನು ಎಲ್ಲರೂ ಕಲಿಸುತ್ತಾರೆ, ಆದರೆ ‘ಕೇನ್ರೆ’ (ಹೆಚ್ಚು ಕೆಚ್ಚಿನ) ಎಂಬಲ್ಲಿ ಕಕಾರವೇ ಸರಿ. ಅಲ್ಲಿನ ಏಕಾರ ಹಿಂದೊಮ್ಮೆ ಓಕಾರವಾಗಿತ್ತು. ಅನುಮಾನ ಬಂದರೆ ಇಂದಿನ ಇಂಗ್ಲಿಷಿನ ‘ಕೀನ್’ ನೆನೆಸಿಕೊಳ್ಳಿ.

ಎರಡನೆಯದು ಛಂದಸ್ಸು. ನಿಘಂಟು ತೆರೆಯುವ ಮುಂಚೆ ಇದಾಗಬೇಕು. ಪ್ರತಿ ಸಾಲಿಗೆ ಎರಡು ತುಂಡು, ನಡುವೆ ನಿಲುಗಡೆ, ತುಂಡಿಗೆ ಎರಡರಂತೆ ಒಟ್ಟು ನಾಲ್ಕು ಒತ್ತು. ಒತ್ತು ಎಂದರೆ ಇಲ್ಲಿ ಒತ್ತಕ್ಷರವಲ್ಲ, ದನಿ ಏರಿಸಿ ಉಚ್ಚರಿಸುವ ಅಕ್ಷರ. ಮೂರನೆಯ ಒತ್ತು, ಎಂದರೆ ಎರಡನೆಯ ತುಂಡಿನ ಮೊದಲ ಒತ್ತು, ಇಡೀ ಸಾಲಿನ ಯಜಮಾನ. ಅದರ ಮೊದಲ ದನಿ ಯಾವುದೋ, ಮೊದಲ ತುಂಡಿನ ಒಂದು ಅಥವಾ ಎರಡು ಒತ್ತು ಅದೇ ದನಿಯಿಂದ ಶುರುವಾಗುತ್ತದೆ. ನಾಲ್ಕನೆಯದು ಹೊಂದಬಾರದು. ಆದ್ದರಿಂದ ಮೊದಲು ಮೂರನೆಯ ಒತ್ತಿಗೆ ಗೆರೆ ಎಳೆದು, ಅಲ್ಲಿಂದ ಹಿಂದಕ್ಕೆ ಹುಡುಕುತ್ತೇನೆ. ಗೆರೆ ಬಿದ್ದ ಪದಗಳೇ ಆ ಸಾಲಿನ ಜೀವ. ನಿಘಂಟಿನಲ್ಲಿ ಮೊದಲು ಅವನ್ನೇ ನೋಡಬೇಕು.

ಕನ್ನಡದ ಕಿವಿ ಇಲ್ಲಿ ಒಮ್ಮೆ ಮೋಸ ಮಾಡುತ್ತದೆ. ಆದಿಪ್ರಾಸಕ್ಕೆ ಒಗ್ಗಿದ ನಾವು ಸಾಲಿನ ಎರಡನೆಯ ಅಕ್ಷರಕ್ಕೆ ಕಾಯುತ್ತೇವೆ. ಇಲ್ಲಿ ಬೇಕಾದದ್ದು ಒತ್ತು ಬಿದ್ದ ಅಕ್ಷರದ ಮೊದಲ ದನಿ. ಪದದ ಮೊದಲಲ್ಲಿ ‘ಗೆ-’, ‘ಬೆ-’, ‘ಫೊರ್-’ ಎಂಬ ಉಪಸರ್ಗ ಬಂದರೆ ದಾಟಿ ಹೋಗಬೇಕು. 212ನೆಯ ಸಾಲು ‘ಗೆಮುನನ್’ ಎಂದು ಶುರುವಾಗುತ್ತದೆ, ಆದರೆ ಪ್ರಾಸ ಇರುವುದು ಮಕಾರದಲ್ಲಿ: ಮುನನ್, ಮ್ಯಾಲ, ಮೆಒದೊ. ಇನ್ನೆರಡು ನಿಯಮ: ಯಾವ ಸ್ವರಕ್ಕೆ ಯಾವ ಸ್ವರವಾದರೂ ಹೊಂದುತ್ತದೆ, ‘ಸ್ತ’, ‘ಸ್ಪ’, ‘ಶ’ ಮಾತ್ರ ತಮ್ಮ ತಮ್ಮ ಜೊತೆಗೇ ಹೊಂದುತ್ತವೆ, ಬರೀ ಸಕಾರಕ್ಕೆ ಹೊಂದುವುದಿಲ್ಲ.

ಮೂರನೆಯದು ವಿಭಕ್ತಿ. 25ನೆಯ ಸಾಲಿನಲ್ಲಿ ‘ಆಗ ನಿಂತ ದಡದಲ್ಲಿ, ಬಿರುಸಾಗಿ ಕೂಗಿದ’ ಎಂದಿದೆ. ಯಾರು ಎಂಬುದು ತಿಳಿಯುವುದು 26ರಲ್ಲಿ: ‘ವೀಚಿಂಗ ಆರ್’, ವೈಕಿಂಗರ ದೂತ. ಪದಗಳ ಸ್ಥಾನ ನೋಡಿ ಕರ್ತೃವನ್ನು ಊಹಿಸಿದರೆ ಕೆಟ್ಟಂತೆ. ತೊಂದರೆಯೆಂದರೆ ಎಷ್ಟೋ ನಾಮಪದಗಳಲ್ಲಿ ಪ್ರಥಮಾ, ದ್ವಿತೀಯಾ ಎರಡಕ್ಕೂ ಒಂದೇ ರೂಪ. ಆಗ ಮುಂದೆ ನಿಂತ ‘ಸೆ’, ‘ಥೊನೆ’ ಎಂಬ ಪುಟ್ಟ ಪದಗಳನ್ನು ನೋಡಬೇಕು: ಮೊದಲನೆಯದಾದರೆ ಕರ್ತೃ, ಎರಡನೆಯದಾದರೆ ಕರ್ಮ. ಲಿಂಗವನ್ನೂ ಗಮನಿಸಿ. ‘ಆರ್’ ಪುಲ್ಲಿಂಗವಾದರೆ ದೂತ, ಸ್ತ್ರೀಲಿಂಗವಾದರೆ ಗೌರವ, ಇನ್ನೊಂದು ಸ್ತ್ರೀಲಿಂಗದ ‘ಆರ್’ ದೋಣಿಯ ಹುಟ್ಟು. ದಡದಲ್ಲಿ ಹುಟ್ಟು ನಿಂತು ಕೂಗಿತು ಎಂದು ಅರ್ಥ ಮಾಡಿದರೂ ವಾಕ್ಯ ಒಡೆಯುವುದಿಲ್ಲ, ಅದೇ ಅಪಾಯ.

ಈಟಿಗೆ ಇರುವ ಹೆಸರುಗಳಿಗೆ ಹೆದರಬೇಡಿ. ಗಾರ್, ಫ್ರಂಕ, ದರೊಥ್: ಕವಿ ಆಯ್ದುಕೊಳ್ಳುವುದು ಹೆಚ್ಚಾಗಿ ಪ್ರಾಸಕ್ಕಾಗಿ. ಪ್ರತಿಯೊಂದಕ್ಕೂ ಬೇರೆ ಆಯುಧ ಕಲ್ಪಿಸಿದರೆ ರಣರಂಗ ಸಂತೆಯಾಗುತ್ತದೆ. ವೇಷದ ವಿಷಯದಲ್ಲೂ ಎಚ್ಚರ. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿನ ಅಗೆತದಲ್ಲಿ ಸಿಕ್ಕ ಪ್ರಸಿದ್ಧ ಶಿರಸ್ತ್ರಾಣವನ್ನು ಬಿರ್ತ್‌ನೋತನ ತಲೆಗೆ ತೊಡಿಸುವವರಿದ್ದಾರೆ. ಅದು 7ನೆಯ ಶತಮಾನದ ಆರಂಭದ್ದು, ಇವನು 10ನೆಯ ಶತಮಾನದ ಕೊನೆಯವನು.

ಪಾಠದ ಬಗ್ಗೆಯೂ ಒಂದು ಮಾತು. ಇದ್ದ ಒಂದೇ ಹಸ್ತಪ್ರತಿ 1731ರಲ್ಲಿ ಲಂಡನ್ನಿನ ಆಶ್‌ಬರ್ನಮ್ ಹೌಸ್ ಬೆಂಕಿಯಲ್ಲಿ ಸುಟ್ಟುಹೋಯಿತು. ಅದಕ್ಕೆ ಮುಂಚೆ ಮಾಡಿಟ್ಟ ನಕಲು ಉಳಿದದ್ದರಿಂದ ಕಾವ್ಯ ಉಳಿಯಿತು. ನಕಲುಗಾರನ ಕೈತಪ್ಪುಗಳೂ ಅದರ ಜೊತೆಗೆ ಉಳಿದಿವೆ. ಹಾಗಾಗಿ ಸಂಪಾದಕರ ಅಡಿಟಿಪ್ಪಣಿಯನ್ನು ಬಿಡುವಂತಿಲ್ಲ.

ಚರಿತ್ರೆಗಾಗಿ ವರ್ಷವಾರು ದಾಖಲೆಯಾದ ಆಂಗ್ಲೊ-ಸ್ಯಾಕ್ಸನ್ ಕ್ರಾನಿಕಲ್ ಪಕ್ಕದಲ್ಲಿರಲಿ. ಹೆಚ್ಚಿನ ಪ್ರತಿಗಳು ಈ ಕಾಳಗವನ್ನು 991ರಲ್ಲಿ ಇಟ್ಟು, ಆ ವರ್ಷವೇ ಡೇನರಿಗೆ, ಎಂದರೆ ವೈಕಿಂಗರಿಗೆ, 10,000 ಪೌಂಡ್ ಕಪ್ಪ ಕೊಟ್ಟದ್ದನ್ನು ಹೇಳುತ್ತವೆ. ‘ಎ’ ಪ್ರತಿಯಲ್ಲಿ ಈ ಕಾಳಗ 993ರ ಕೆಳಗೆ, ಅನ್ಲಾಫ್ ಎಂಬ ವೈಕಿಂಗ್ ನಾಯಕ ಮತ್ತು 93 ಹಡಗುಗಳೊಡನೆ ಬರುತ್ತದೆ. ಎರಡನ್ನೂ ಬೆರೆಸಿ ಒಂದು ಕಥೆ ಹೊಲಿಯಬೇಡಿ. ಕಾವ್ಯವಂತೂ ವೈಕಿಂಗ್ ನಾಯಕನ ಹೆಸರನ್ನೇ ಎತ್ತುವುದಿಲ್ಲ. ಕಪ್ಪದ ಸಂಗತಿ ತಿಳಿದ ಮೇಲೆ 46ನೆಯ ಸಾಲು ಬೇರೆಯೇ ಆಗಿ ಕೇಳಿಸುತ್ತದೆ. ಕಪ್ಪ ಕೇಳಿದ ದೂತನಿಗೆ ಬಿರ್ತ್‌ನೋತನ ಉತ್ತರ ಅದು. ‘ಗವೊಲೆ’ (ಕಪ್ಪಕ್ಕೆ), ‘ಗಾರಸ್’ (ಈಟಿಗಳು): ವ್ಯಂಗ್ಯ ಕೂತಿರುವುದು ಪ್ರಾಸದ ಮೇಲೆಯೇ. ಸಾಲಿನ ಕೊನೆಗೆ, ಪ್ರಾಸವಿಲ್ಲದ ನಾಲ್ಕನೆಯ ಒತ್ತಿನಲ್ಲಿ, ‘ಕೊಡು’ ಎಂಬ ಕ್ರಿಯಾಪದ. ಕ್ರಿಯಾಪದ ಕೊನೆಗೆ ಬರುವ ಕನ್ನಡಕ್ಕೆ ಈ ಅಚ್ಚು ಚೆನ್ನಾಗಿ ಒಗ್ಗುತ್ತದೆ:

ಕಪ್ಪವೆಂದು ನಿಮಗೆ   ಕೂರ್ಮೊನೆಗಳ ನೀಡುವರು

ಆದಿಪ್ರಾಸ ಹಾಕಿ ಅನುವಾದಿಸಲು ಹೋದರೆ ಈ ಬಿಗಿ ಸಡಿಲವಾಗುತ್ತದೆ. ಒಡೆಯ ಬಿದ್ದ ಮೇಲೆ ಉಳಿದವರ ಮಾತುಗಳಿಗೂ ನಮ್ಮಲ್ಲಿ ಪದ ಸಿದ್ಧವಾಗಿದೆ. 212ರಿಂದ ಬಿರ್ತ್‌ನೋತನ ಕಡೆಯ ಯೋಧ ಅಲ್ಫ್‌ವಿನೆ, ಮೀಡ್ (ಜೇನಿನ ಮದ್ಯ) ಕುಡಿಯುತ್ತಾ ಬೆಂಚಿನ ಮೇಲೆ ಆಡಿದ ಪಂತದ ಮಾತು ನೆನಪಿಸುತ್ತಾನೆ. ಅದು ಮೀಡಿನ ಋಣ, ಪಂಪ ಹೇಳುವ ಜೋಳದ ಪಾಳಿಯ, ಎಂದರೆ ಉಂಡ ಅನ್ನದ ಋಣದ, ಸೋದರ. ಆದರೆ ಇದನ್ನು ವೇಳೆವಾಳಿ (ಒಡೆಯನ ಜೊತೆ ಸಾಯುವ ಹರಕೆ) ಎನ್ನಬೇಡಿ. ವೇಳೆವಾಳಿಯವನು ಒಡೆಯ ಹಾಸಿಗೆಯಲ್ಲಿ ಸತ್ತರೂ ಜೊತೆಗೆ ಸಾಯುತ್ತಾನೆ. ಮಾಲ್ಡನ್ನಿನವರು ಸೇಡಿಗಾಗಿ ನಿಲ್ಲುತ್ತಾರೆ, ಓಡಿದವರೂ ಇದ್ದಾರೆ.

89ನೆಯ ಸಾಲಿನ ‘ಒವೆರ್‌ಮೋದ್’ ಪದದ ಮೇಲೆ ನಡೆದಷ್ಟು ಜಗಳ ಬೇರಾವುದರ ಮೇಲೂ ಇಲ್ಲ. ಉಬ್ಬರ ಇಳಿದ ಮೇಲೆ ಕಾಲುಹಾದಿ ದಾಟಲು ಬಿರ್ತ್‌ನೋತ್ ಶತ್ರುಗಳಿಗೆ ಎಡೆಕೊಟ್ಟದ್ದು ಇದರಿಂದ ಎನ್ನುತ್ತಾನೆ ಕವಿ; ಕೊಟ್ಟ ನೆಲ ‘ವಿಪರೀತ’ ಎಂದೂ 90ರಲ್ಲಿ ಸೇರಿಸುತ್ತಾನೆ. ಅಹಂಕಾರವೋ ಅತಿ ಕೆಚ್ಚೋ? ಮೊದಲ ಓದಿನಲ್ಲಿ ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗಿ. ‘ಮೋದ್’ ಮತ್ತೆ 313ರಲ್ಲಿ ಬರುತ್ತದೆ, ಮುದುಕ ಬಿರ್ತ್‌ವೊಲ್ಡ್‌ನ ಬಾಯಲ್ಲಿ: ನಮ್ಮ ಬಲ ಕುಂದಿದಷ್ಟೂ ಮನಸ್ಸು ಗಟ್ಟಿಯಾಗಬೇಕು, ಎದೆ ಕೆಚ್ಚಾಗಬೇಕು, ‘ಮೋದ್’ ಹಿರಿದಾಗಬೇಕು. ಅದಕ್ಕೆ ಒಪ್ಪುವ ಕನ್ನಡ ಪದ ಸಿಕ್ಕ ಮೇಲೆ 89ಕ್ಕೆ ವಾಪಸು ಬನ್ನಿ. ನನ್ನ ಪುಸ್ತಕದಲ್ಲಿ ಅಲ್ಲಿ ಈಗ ‘ಮಿತಿಮೀರಿದ ಎದೆಗಾರಿಕೆ’ ಎಂದಿದೆ, ಪೆನ್ಸಿಲಿನಲ್ಲಿ.